ಬಿಳಿಚಿಕೊಂಡ ಟ್ರ್ಯಾಕಿಫಿಲಿಯಾ: ಒಂದು ಹವಳದ ಚೇತರಿಕೆಯ ಪ್ರಕರಣ

ಪರಿಚಯದವರೊಬ್ಬರ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ) ಹೊಸದಾಗಿ ಬಂದ ಟ್ರ್ಯಾಕಿಫಿಲಿಯಾ ಹವಳವೊಂದು ವಾರ ಕಳೆಯುವುದರೊಳಗೆ ಬಣ್ಣ ಕಳೆದುಕೊಂಡು, ಮೈ ಕುಗ್ಗಿಸಿಕೊಂಡು ಕುಳಿತಿತ್ತು. ಅದನ್ನು ಉಳಿಸಿಕೊಂಡ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಸೊರಗಿದ ಹವಳವನ್ನು ಕಂಡ ಕೂಡಲೇ ಹೆಚ್ಚಿನವರು ಬೆಳಕು ಹೆಚ್ಚಿಸುತ್ತಾರೆ, ಬಾಟಲಿಯ ದ್ರಾವಣ ಸುರಿಯುತ್ತಾರೆ, ದಿನಕ್ಕೊಂದು ಜಾಗಕ್ಕೆ ಎತ್ತಿಡುತ್ತಾರೆ. ಇವೆಲ್ಲವೂ ಹವಳವನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತವೆ. ಈ ಪ್ರಕರಣದಲ್ಲಿ ನಾವು ಮಾಡಿದ್ದು ಬಹುಪಾಲು ಅದಕ್ಕೆ ತದ್ವಿರುದ್ಧ: ಬೆಳಕನ್ನು ಅಂದೇ ತಗ್ಗಿಸಿದೆವು, ನೀರನ್ನು ನಿಧಾನವಾಗಿ ತಿದ್ದಿದೆವು, ಹೊಟ್ಟೆಗೆ ತಪ್ಪದೆ ಹಾಕಿದೆವು.

ಮೊದಲು ಹವಳದ ಬಗ್ಗೆ ಎರಡು ಮಾತು. ಟ್ರ್ಯಾಕಿಫಿಲಿಯಾ ಜೆಫ್ರಾಯಿಯನ್ನು ಅಕ್ವೇರಿಯಂ ಮಂದಿ ಓಪನ್ ಬ್ರೇನ್ ಎಂದು ಕರೆಯುತ್ತಾರೆ. ಇದು ಬಂಡೆಗೆ ಅಂಟಿಕೊಂಡು ಬೆಳೆಯುವ ಜಾತಿಯಲ್ಲ. ಬಂಡೆಗಳ ಆಚೆಗಿನ ಮರಳು, ಕೆಸರಿನ ತಳದಲ್ಲಿ, ಬಿಡಿಯಾಗಿ, ಚೂಪಾದ ಬುಡವನ್ನು ಹೂತುಕೊಂಡು ಬದುಕುತ್ತದೆ. ಅಂಥ ಜಾಗದ ನೀರು ಹಲವೆಡೆ ಮಬ್ಬಾಗಿರುತ್ತದೆ, ಬೆಳಕು ಮಂದವಾಗಿರುತ್ತದೆ, ತೇಲಿ ಬರುವ ಆಹಾರ ಧಾರಾಳವಾಗಿರುತ್ತದೆ. ಹಗಲಲ್ಲಿ ಮಾಂಸಲವಾದ ಮೈಯನ್ನು ನೀರು ತುಂಬಿಕೊಂಡು ಉಬ್ಬಿಸಿ ಅಸ್ಥಿಪಂಜರವನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಕತ್ತಲಾಗುತ್ತಿದ್ದಂತೆ ಮೈ ಕುಗ್ಗಿಸಿ, ಬಾಯಿಯ ಸುತ್ತಲಿನ ಸಣ್ಣ ಕರಬಳ್ಳಿಗಳನ್ನು ಹೊರಗೆ ಚಾಚಿ ಬೇಟೆಗೆ ಕಾಯುತ್ತದೆ. ಈ ದಿನಚರಿ ಗೊತ್ತಿದ್ದರೆ ಹವಳದ ಆರೋಗ್ಯವನ್ನು ಅರ್ಧ ಓದಿದಂತೆಯೇ.

ನೋಡಿದಾಗಿನ ಸ್ಥಿತಿ

ಟ್ಯಾಂಕು ಸುಮಾರು 250 ಲೀಟರಿನದು, ವರ್ಷಕ್ಕಿಂತ ಹಳೆಯದು. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಕೆಲವು ಬಸವನಹುಳುಗಳು, ಬಂಡೆಯ ಮೇಲೆ ಒಂದಿಷ್ಟು ಮೃದು ಹವಳಗಳು. ಗಾಜು ಥಳಥಳಿಸುತ್ತಿತ್ತು, ಬಂಡೆಯ ಮೇಲೆ ಪಾಚಿಯ ಸುಳಿವೇ ಇರಲಿಲ್ಲ. ಇಷ್ಟು ಚೊಕ್ಕಟವಾದ ಟ್ಯಾಂಕನ್ನು ಕಂಡರೆ ನನಗೆ ಮೊದಲು ಹುಟ್ಟುವುದು ಅನುಮಾನ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಹೊಸ ಹವಳವನ್ನು ಬಂಡೆಯ ನಡುಮಟ್ಟದ ಚಾಚಿನ ಮೇಲೆ, ಎಲ್‌ಇಡಿ ದೀಪದ ನೇರ ಕೆಳಗೆ ಇಡಲಾಗಿತ್ತು. ತಂದ ದಿನ ಕೆಂಪು ಅಂಚು, ಹಸಿರು ನಡು ಇತ್ತೆಂದು ಒಡತಿ ಫೋಟೋ ತೋರಿಸಿದರು. ಈಗ ಹಸಿರು ತೆಳುವಾಗಿ ಉಳಿದಿತ್ತು, ಉಳಿದ ಮೈ ಬಿಳಿ. ಎರಡು ಕಡೆ ಅಸ್ಥಿಪಂಜರದ ಸುಣ್ಣದ ಅಲಗುಗಳು ಚರ್ಮದಡಿಯ ಪಕ್ಕೆಲುಬಿನಂತೆ ಎದ್ದು ಕಾಣುತ್ತಿದ್ದವು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಹವಳ ಬಿಳಿಯಾಗಿ ಕಾಣಲು ಎರಡು ದಾರಿಗಳಿವೆ. ಒಂದು, ಮಾಂಸ ಹಾಗೇ ಇದ್ದು ಅದರೊಳಗೆ ಬದುಕುತ್ತಾ ಹವಳಕ್ಕೆ ಆಹಾರ ಕೊಡುವ ಪಾಚಿ ಹೊರಟುಹೋಗಿ, ಪಾರದರ್ಶಕವಾದ ಮೈಯ ಮೂಲಕ ಒಳಗಿನ ಸುಣ್ಣ ಕಾಣುವುದು. ಇನ್ನೊಂದು, ಮಾಂಸವೇ ಸತ್ತು ಕಳಚಿ ಬರಿಯ ಸುಣ್ಣ ಉಳಿಯುವುದು. ಮೊದಲನೆಯದು ಹಸಿವು, ಎರಡನೆಯದು ಸಾವು. ಎರಡಕ್ಕೂ ಮಾಡಬೇಕಾದ ಆರೈಕೆ ಬೇರೆ ಬೇರೆ. ಗುರುತಿಸಲು ನಾನು ಪಿಪೆಟ್‌ನಿಂದ ಒಂದಡಿ ದೂರದಿಂದ ಮೆಲ್ಲಗೆ ನೀರು ಹಾಯಿಸಿದೆ. ಹೆಚ್ಚಿನ ಭಾಗದಲ್ಲಿ ಬಿಳಿ ಮೇಲ್ಮೈ ಅಲುಗಿತು, ಹೊಳೆಯಿತು, ತುಸು ಒಳಗೆಳೆದುಕೊಂಡಿತು. ಜೀವಂತ ಮಾಂಸ. ಒಂದು ಅಂಚಿನಲ್ಲಿ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಜಾಗ ಅಲುಗಲಿಲ್ಲ, ಹೊಳಪೂ ಇರಲಿಲ್ಲ. ಬಂಡೆಯ ಒರಟು ಅಂಚಿಗೆ ಉಜ್ಜಿ ಅಲ್ಲಿ ಮೈ ಹರಿದಿತ್ತು. ಕಂದು ಲೋಳೆ, ಕೊಳೆತ ವಾಸನೆ, ಗಾಯ ಗಂಟೆಗಂಟೆಗೂ ಹರಡುವ ಲಕ್ಷಣ ಯಾವುದೂ ಇರಲಿಲ್ಲ. ಸೋಂಕಲ್ಲ ಎಂದು ಅಂದುಕೊಳ್ಳಲು ಅಷ್ಟು ಸಾಕಾಗಿತ್ತು.

ಅಯೋಡಿನ್ ದ್ರಾವಣದಲ್ಲಿ ಅದ್ದಬಹುದೇ ಎಂಬ ಪ್ರಶ್ನೆ ಬಂತು. ಬೇಡವೆಂದೆ. ಸೋಂಕಿನ ಕುರುಹು ಇದ್ದರೆ ಅದ್ದುವುದೇ ಸರಿ. ಇಲ್ಲದಿದ್ದರೆ ಹರಿದ ಮೈಯನ್ನು ನೀರಿನಿಂದ ಎತ್ತಿ, ತನ್ನ ಭಾರಕ್ಕೇ ಅಲಗುಗಳ ಮೇಲೆ ಜೋತುಬೀಳಲು ಬಿಟ್ಟು, ಮತ್ತೊಂದು ರಾಸಾಯನಿಕದ ಆಘಾತ ಕೊಡುವುದರಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಚೀಲದ ನೀರು ಹೇಳಿದ್ದು

ಒಡತಿ ಮಾಡಿದ್ದ ಒಂದು ಕೆಲಸ ಇಡೀ ಪ್ರಕರಣಕ್ಕೆ ಬೀಗದ ಕೈಯಾಯಿತು. ಹವಳ ಬಂದ ಚೀಲದ ನೀರನ್ನು ಚೆಲ್ಲದೆ ಒಂದು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದರು. ಹವಳ ತರುವ ಪ್ರತಿಯೊಬ್ಬರೂ ಇದನ್ನು ರೂಢಿಸಿಕೊಳ್ಳಬೇಕು. ನಮ್ಮ ಟ್ಯಾಂಕಿನ ಅಂಕಿಗಳು ಸರಿಯೋ ತಪ್ಪೋ ಎನ್ನುವುದಕ್ಕಿಂತ, ಹವಳ ಯಾವ ನೀರಿನಿಂದ ಯಾವ ನೀರಿಗೆ ಬಂತು ಎನ್ನುವುದೇ ಮೊದಲ ಪ್ರಶ್ನೆ. ಚೀಲದ ನೀರಿನ ಪಿಎಚ್ ಅಳೆದು ಪ್ರಯೋಜನವಿಲ್ಲ. ಹವಳ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದನ್ನು ಕೆಳಗಿಳಿಸಿರುತ್ತದೆ. ಅಮೋನಿಯಾ ಕೂಡ ಪ್ರಯಾಣದಲ್ಲೇ ಏರಿರುತ್ತದೆ. ಉಪ್ಪಿನಂಶ, ಅಲ್ಕಲಿನಿಟಿ (ಆಮ್ಲೀಯತೆಯನ್ನು ತಡೆದುಕೊಳ್ಳುವ ನೀರಿನ ಶಕ್ತಿ), ನೈಟ್ರೇಟ್ ಮಾತ್ರ ಮೂಲ ಟ್ಯಾಂಕಿನ ಬಗ್ಗೆ ಸಾಕಷ್ಟು ನಂಬಬಹುದಾದ ಸಾಕ್ಷಿ ಹೇಳುತ್ತವೆ.

ಚೀಲದ ನೀರಿನ ಉಪ್ಪಿನಂಶ 32 ಪಿಪಿಟಿ (ಸಾವಿರಕ್ಕೆ ಇಷ್ಟು ಭಾಗ), ಅಲ್ಕಲಿನಿಟಿ 7.8 ಡಿಕೆಎಚ್ (ಅಲ್ಕಲಿನಿಟಿಯ ಅಳತೆ), ನೈಟ್ರೇಟ್ 20 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ) ಆಸುಪಾಸು. ಮನೆಯ ಟ್ಯಾಂಕಿನಲ್ಲಿ ಅಲ್ಕಲಿನಿಟಿ 11.2, ನೈಟ್ರೇಟ್ ಶೂನ್ಯ, ಫಾಸ್ಫೇಟ್ ಶೂನ್ಯ. ಉಪ್ಪಿನಂಶ 35 ಎಂದು ರಿಫ್ರ್ಯಾಕ್ಟೋಮೀಟರ್ ತೋರಿಸುತ್ತಿತ್ತು. ಆದರೆ ಅದನ್ನು ಹೊಂದಿಸಿದ್ದು ಬರಿಯ ಶುದ್ಧ ನೀರಿನಿಂದ. ಸೊನ್ನೆಯಲ್ಲಿ ಸರಿಯಾಗಿರುವ ಉಪಕರಣ 35ರಲ್ಲಿಯೂ ಸರಿಯಾಗಿರುತ್ತದೆಂಬ ಭರವಸೆಯಿಲ್ಲ. 35 ಪಿಪಿಟಿಯ ಪ್ರಮಾಣಿತ ದ್ರಾವಣ ಹಾಕಿ ಹೊಂದಿಸಿದಾಗ ಟ್ಯಾಂಕಿನ ನಿಜವಾದ ಉಪ್ಪಿನಂಶ 36.5 ಎಂದು ಗೊತ್ತಾಯಿತು. ಅಂದರೆ ಹವಳ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸುವ ಅರ್ಧ ಗಂಟೆಯಲ್ಲಿ 32ರಿಂದ 36.5ಕ್ಕೆ ಏರಿತ್ತು. ಹವಳಕ್ಕೆ ಮೀನಿನಂತೆ ಉಪ್ಪನ್ನು ನಿಯಂತ್ರಿಸುವ ಕಿವಿರು, ಮೂತ್ರಪಿಂಡಗಳಿಲ್ಲ. ಹೊರಗಿನ ನೀರು ಹೆಚ್ಚು ಉಪ್ಪಾದರೆ ಅದರ ಜೀವಕೋಶಗಳ ನೀರು ಹೊರಗೆ ಸೋರುತ್ತದೆ, ಮೈ ಕುಗ್ಗುತ್ತದೆ.

ಅದರ ಮೇಲೆ ಬೆಳಕು. ಎರವಲು ತಂದ ಪಾರ್ ಮೀಟರ್‌ನಿಂದ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಉಪಕರಣ) ಅಳೆದರೆ ಹವಳವಿದ್ದ ಜಾಗದಲ್ಲಿ 220ರ ಸಮೀಪ. ಟ್ರ್ಯಾಕಿಫಿಲಿಯಾಕ್ಕೆ 50ರಿಂದ 100 ಸಾಕು.

ಈಗ ಚೊಕ್ಕಟತನದ ವಿಷಯ. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ಬದುಕುತ್ತವೆ. ದ್ಯುತಿಸಂಶ್ಲೇಷಣೆ ನಡೆಸಿ, ತಯಾರಿಸಿದ ಸಕ್ಕರೆಯ ದೊಡ್ಡ ಪಾಲನ್ನು ಹವಳಕ್ಕೆ ಕೊಡುವುದು ಇವೇ. ಅವುಗಳಿಗೂ ಸಾರಜನಕ, ರಂಜಕ ಬೇಕು, ಅಂದರೆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಇರಬೇಕು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ, ಫಾಸ್ಫೇಟಿನ ಅಭಾವದಲ್ಲಿ ಬೆಳೆದ ಪಾಚಿಯಿರುವ ಹವಳಗಳು ಬೆಳಕು ಮತ್ತು ಬಿಸಿಗೆ ಬೇಗ ಬಿಳಿಚುತ್ತವೆ ಎಂದು ತೋರಿಸಿತು. ಫಾಸ್ಫೇಟ್ ಹೀರುವ ಹರಳು ತುಂಬಿದ ರಿಯಾಕ್ಟರ್ ಹಗಲಿರುಳು ಓಡುತ್ತಿದ್ದ, ಮೀನಿಗೆ ಎಣಿಸಿದಂತೆ ಆಹಾರ ಹಾಕುತ್ತಿದ್ದ ಈ ಟ್ಯಾಂಕಿನಲ್ಲಿ ಹವಳಕ್ಕೆ ಸಿಕ್ಕಿದ್ದು ಮೂರು ಪಟ್ಟು ಬೆಳಕು, ಸೊನ್ನೆ ಗೊಬ್ಬರ. ಮೃದು ಹವಳಗಳು ಇದಕ್ಕೆ ತಿಂಗಳುಗಟ್ಟಲೆ ಒಗ್ಗಿಕೊಂಡಿದ್ದವು. ಹೊಸದಕ್ಕೆ ಆ ಅವಕಾಶ ಸಿಗಲಿಲ್ಲ.

ಮೊದಲ ಸಂಜೆ: ನೆರಳು

"ಬಣ್ಣ ಹೋಗಿದೆಯಲ್ಲ, ಬೆಳಕು ಇನ್ನೂ ಸ್ವಲ್ಪ ಹೆಚ್ಚಿಸಿದರೆ ಪಾಚಿ ಬೆಳೆಯುವುದಿಲ್ಲವೇ?" ಎಂದು ಒಡತಿ ಕೇಳಿದರು. ಕೇಳಲು ಸರಿಯಾಗಿಯೇ ಇದೆ, ಆದರೆ ನಡೆಯುವುದು ಬೇರೆ. ಅರಗಿಸಿಕೊಳ್ಳಲಾಗದಷ್ಟು ಬೆಳಕು ಬಿದ್ದಾಗ ಪಾಚಿಯೊಳಗೆ ಹಾನಿಕಾರಕ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಅವು ಹವಳದ ಜೀವಕೋಶಗಳನ್ನೂ ಸುಡುತ್ತವೆ, ಹವಳ ಪಾಚಿಯನ್ನು ಹೊರದಬ್ಬುತ್ತದೆ. ಪಾಚಿ ಕಡಿಮೆಯಾದ ಮೇಲೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಒಳಗಿನ ಬಿಳಿ ಸುಣ್ಣ ಬೆಳಕನ್ನು ಮತ್ತೆ ಮತ್ತೆ ಚದುರಿಸಿ ಉಳಿದ ಅಷ್ಟಿಷ್ಟು ಪಾಚಿಯ ಮೇಲೆ ಸುರಿಯುತ್ತದೆ. ಬಿಳಿಚಿದ ಹವಳದಲ್ಲಿ ಉಳಿದಿರುವ ಪ್ರತಿ ಪಾಚಿಕೋಶಕ್ಕೂ ಬೀಳುವ ಬೆಳಕು ಆರೋಗ್ಯವಂತ ಹವಳದಲ್ಲಿ ಬೀಳುವುದಕ್ಕಿಂತ ಹೆಚ್ಚು. ಆದ್ದರಿಂದ ನೆರಳೇ ಮೊದಲ ಚಿಕಿತ್ಸೆ. ಇದನ್ನು ತಕ್ಷಣ ಮಾಡಬಹುದು, ಏಕೆಂದರೆ ಬೆಳಕನ್ನು ಏಕಾಏಕಿ ಏರಿಸಿದರೆ ಆಗುವ ಹಾನಿ ಇಳಿಸಿದರೆ ಆಗುವುದಿಲ್ಲ.

ಹವಳವನ್ನು ಬುಡದ ಸುಣ್ಣ ಹಿಡಿದು, ಮಾಂಸಕ್ಕೆ ಬೆರಳು ತಾಗದಂತೆ, ನೀರಿನಿಂದ ಹೊರತೆಗೆಯದೆ ಕೆಳಗಿನ ಮರಳಿಗೆ ಇಳಿಸಿದೆವು. ನುಣುಪಾದ ಮರಳಿನಲ್ಲಿ ಸಣ್ಣ ಕುಳಿ ಮಾಡಿ ಬುಡವನ್ನು ಕೂರಿಸಿ, ಸುತ್ತಲೂ ಬಂಡೆಯಿಂದ ಒಂದು ಗೇಣು ಬಯಲು ಬಿಟ್ಟೆವು. ದೀಪದ ಬಿಳಿ ಬೆಳಕನ್ನು ತಗ್ಗಿಸಿ ಹವಳದ ಬಳಿ ಪಾರ್ 50ಕ್ಕೆ ತಂದೆವು. ಪಂಪಿನ ಮುಖ ತಿರುಗಿಸಿ ನೀರಿನ ಸೆಳೆತ ಎದುರು ಗಾಜಿಗೆ ಬಡಿದು ಹಿಂದಿರುಗಿ ಬರುವಂತೆ ಮಾಡಿದೆವು. ಮೈಯ ಅಂಚು ಮೆಲ್ಲಗೆ ತೂಗಬೇಕು, ಒಂದೇ ಪಕ್ಕಕ್ಕೆ ಮಡಚಿಕೊಳ್ಳಬಾರದು, ಮರಳು ಹಾರಿ ಮೈಮೇಲೆ ಕೂರಬಾರದು. ಅಷ್ಟಾದ ಮೇಲೆ ಜಾಗ ಬದಲಿಸಬಾರದೆಂದು ಮಾತು ಮಾಡಿಕೊಂಡೆವು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು.

ನೀರು: ಅವಸರವಿಲ್ಲದೆ

ಉಪ್ಪಿನಂಶವನ್ನು 36.5ರಿಂದ 35ಕ್ಕೆ ಇಳಿಸಲು ಒಂದು ವಾರಕ್ಕೂ ಮೇಲೆ ತೆಗೆದುಕೊಂಡೆವು. ದಿನವೂ ಸ್ವಲ್ಪ ಟ್ಯಾಂಕಿನ ನೀರು ತೆಗೆದು ಅಷ್ಟೇ ಆರ್‌ಒ ನೀರು ಸೇರಿಸುವುದು, ಅಷ್ಟೇ ಕೆಲಸ. ಹವಳ ಬಂದಿದ್ದು 32ರಿಂದಲ್ಲವೇ, ಬೇಗ ಇಳಿಸಿದರೆ ಅದಕ್ಕೇ ಹಿತವಲ್ಲವೇ ಎನ್ನಿಸಬಹುದು. ಅಷ್ಟು ಹೊತ್ತಿಗೆ ಅದರ ಜೀವಕೋಶಗಳು ಹೊಸ ಉಪ್ಪಿಗೆ ತಕ್ಕಂತೆ ತಮ್ಮೊಳಗನ್ನು ಹೊಂದಿಸಿಕೊಳ್ಳಲು ತೊಡಗಿರುತ್ತವೆ. ಹಿಂದಕ್ಕೆ ಜಗ್ಗಿದರೆ ಅದು ಎರಡನೇ ಆಘಾತ.

ಅಲ್ಕಲಿನಿಟಿಯೂ ಹಾಗೆಯೇ. ಸಮುದ್ರದ ನೀರಿನಲ್ಲಿ ಅದು 7 ಡಿಕೆಎಚ್ ಹತ್ತಿರವಿರುತ್ತದೆ. ಪೋಷಕಾಂಶ ಸಾಕಷ್ಟಿರುವ ಟ್ಯಾಂಕಿನಲ್ಲಿ 11 ಇದ್ದರೂ ಹವಳಗಳು ತಾಳಿಕೊಳ್ಳುವುದುಂಟು. ಶೂನ್ಯ ಪೋಷಕಾಂಶದ ಜೊತೆ 11 ಸೇರಿದರೆ ಅದು ಕೆಟ್ಟ ಜೋಡಿ. ಅಲ್ಕಲಿನಿಟಿ ಏರಿಸುವ ಬಫರ್ ಹಾಕುವುದನ್ನು ನಿಲ್ಲಿಸಿ, ಕಡಿಮೆ ಅಲ್ಕಲಿನಿಟಿಯ ಉಪ್ಪಿನಿಂದ ಸಣ್ಣ ಸಣ್ಣ ನೀರು ಬದಲಾವಣೆ ಮಾಡುತ್ತಾ ಹೋದೆವು. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಇಳಿಯಲು ಬಿಡಲಿಲ್ಲ. ಕೊನೆಗೆ ಅದು 8.3ರಲ್ಲಿ ನಿಂತಿತು. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300ರ ಸುತ್ತ ಇದ್ದವು. ಅವುಗಳ ತಂಟೆಗೆ ಹೋಗಲಿಲ್ಲ. ಉಷ್ಣತೆ 25.5 ಡಿಗ್ರಿಯಲ್ಲಿ ಸ್ಥಿರವಾಗಿತ್ತು.

ಫಾಸ್ಫೇಟ್ ಹೀರುವ ಹರಳನ್ನು ತೆಗೆದುಹಾಕಿದೆವು, ಮೀನುಗಳ ಊಟ ಹೆಚ್ಚಿಸಿದೆವು. ಕೆಲ ವಾರಗಳಲ್ಲಿ ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.04 ಪಿಪಿಎಂ ತಲುಪಿದವು. ಈ ನಡುವೆ ಗಾಜಿನ ಮೇಲೆ ಕಂದು ಪೊರೆ ಕಟ್ಟತೊಡಗಿತು. ಒಡತಿಗೆ ಅದು ಸಂಕಟ, ಹರಳನ್ನು ಮತ್ತೆ ಹಾಕಿಬಿಡಲೇ ಎಂದು ಒಂದೆರಡು ಬಾರಿ ಕೇಳಿದರು. ಗಾಜು ಒರೆಸುವುದು ಎರಡು ನಿಮಿಷದ ಕೆಲಸ, ಪಾಚಿ ಕಳೆದುಕೊಂಡ ಹವಳಕ್ಕೆ ಪಾಚಿ ತುಂಬುವುದು ತಿಂಗಳುಗಳ ಕೆಲಸ. ಗಾಜನ್ನು ಒರೆಸುತ್ತಾ ಬಂದೆವು.

ಊಟ, ಮತ್ತು ಊಟದ ಕಳ್ಳ

ಚೇತರಿಕೆಯ ಹೃದಯ ಇರುವುದು ಇಲ್ಲಿಯೇ ಎಂದು ನನ್ನ ದೃಢ ಅಭಿಪ್ರಾಯ. ಪಾಚಿ ಇಲ್ಲದ ಹವಳಕ್ಕೆ ದಿನದ ದುಡಿಮೆ ನಿಂತಿರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ಬದುಕುತ್ತದೆ, ಅದು ಮುಗಿದ ದಿನ ಮಾಂಸ ಹಿಂಜರಿಯತೊಡಗುತ್ತದೆ. ಹವಾಯಿಯ ಹವಳಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ಬಿಳಿಚಿದ ಮಾಂಟಿಪೋರಾ ಕ್ಯಾಪಿಟಾಟಾ ತಿನ್ನುವ ಪ್ರಮಾಣವನ್ನು ಹೆಚ್ಚಿಸಿಕೊಂಡು ತನ್ನ ದೈನಂದಿನ ಶಕ್ತಿಯ ಅಗತ್ಯವನ್ನೆಲ್ಲ ಬೇಟೆಯಿಂದಲೇ ತುಂಬಿಕೊಂಡಿತ್ತು. ಪಕ್ಕದ ಪೊರೈಟಿಸ್ ಜಾತಿಗಳಿಗೆ ಹಾಗೆ ಮಾಡಲು ಆಗಲಿಲ್ಲ. ದೊಡ್ಡ ಬಾಯಿ, ದಪ್ಪ ಮೈಯ ಟ್ರ್ಯಾಕಿಫಿಲಿಯಾ ತಿನ್ನುವ ಜಾತಿ. ಕೊಟ್ಟರೆ ತಿನ್ನುತ್ತದೆ.

ಆದರೆ ಮೊದಲ ಕೆಲವು ಸಲ ಕೊಟ್ಟಿದ್ದು ಹೊಟ್ಟೆಗೆ ಹೋದಂತೆ ಕಾಣಲಿಲ್ಲ. ಮೈ ಇನ್ನಷ್ಟು ಮುದುಡುತ್ತಿತ್ತು. ಎದುರಿಗೆ ಕುಳಿತು ನೋಡಿದರೆ ಏನೂ ತಿಳಿಯದು, ಮನುಷ್ಯರ ನೆರಳು ಕಂಡರೆ ಟ್ಯಾಂಕಿನ ಜೀವಿಗಳು ನಡೆದುಕೊಳ್ಳುವ ರೀತಿಯೇ ಬೇರೆ. ಮಂದ ನೀಲಿ ದೀಪ ಬಿಟ್ಟು, ಮೊಬೈಲನ್ನು ಗಾಜಿನ ಮುಂದೆ ನಿಲ್ಲಿಸಿ, ವಿಡಿಯೊ ಚಾಲೂ ಮಾಡಿ ಕೋಣೆಯಿಂದ ಹೊರಗೆ ಹೋದೆವು. ವಿಡಿಯೊದಲ್ಲಿ ಎಲ್ಲವೂ ಇತ್ತು. ಹವಳ ತುಣುಕನ್ನು ಹಿಡಿದು ಬಾಯಿಗೆ ಎಳೆದುಕೊಂಡ ಸ್ವಲ್ಪ ಹೊತ್ತಿಗೆ ಕ್ಲೀನರ್ ಸೀಗಡಿ ಬಂದು, ಹವಳದ ಮೇಲೆಯೇ ನಿಂತು, ಮುಂಗಾಲುಗಳನ್ನು ಬಾಯೊಳಗೆ ಇಳಿಸಿ ಅದನ್ನು ಕಿತ್ತು ತಿನ್ನುತ್ತಿತ್ತು. ಬರಗಾಲದಲ್ಲಿ ಅಧಿಕಮಾಸ ಅಂದರೆ ಇದೇ. ಹಸಿದ ಹವಳಕ್ಕೆ ಊಟವೂ ಇಲ್ಲ, ನೆಮ್ಮದಿಯೂ ಇಲ್ಲ.

ಪರಿಹಾರ ಸರಳವಾಗಿತ್ತು. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯೊಂದರ ಮೇಲರ್ಧವನ್ನು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಹವಳದ ಮೇಲೆ ಕವುಚಿ ಮರಳಿಗೆ ಒತ್ತಿದೆವು. ಮುಚ್ಚಳ ತೆಗೆದ ಬಾಟಲಿಯ ಕತ್ತು ಮೇಲಕ್ಕಿರುತ್ತದೆ, ಅದರೊಳಗೆ ಉದ್ದನೆಯ ಪಿಪೆಟ್ ಇಳಿಯುತ್ತದೆ. ದೊಡ್ಡ ದೀಪ ಆರಿದ ಮೇಲೆ, ಕರಬಳ್ಳಿಗಳು ಹೊರಬಂದಿವೆಯೇ ಎಂದು ನೋಡಿ, ಪಂಪ್ ನಿಲ್ಲಿಸಿ, ಕರಗಿಸಿ ತೊಳೆದು ಸಣ್ಣಗೆ ಹೆಚ್ಚಿದ ಮೈಸಿಸ್ ಸೀಗಡಿಯ ನಾಲ್ಕೈದು ಚೂರು. ವಾರಕ್ಕೆ ಎರಡು ಬಾರಿ, ಅದಕ್ಕಿಂತ ಹೆಚ್ಚಲ್ಲ. ದೊಡ್ಡ ತುಂಡು ಕೊಟ್ಟರೆ ಮರುದಿನ ಹಾಗೇ ಕಾರುತ್ತದೆ, ಅರಗಿಸಲು ಖರ್ಚಾದ ಶಕ್ತಿಯೂ ವ್ಯರ್ಥ. ಒಂದು ಅರ್ಧ ಗಂಟೆಯ ಬಳಿಕ, ಈ ಹವಳಕ್ಕಿದ್ದ ಮೂರೂ ಬಾಯಿಗಳು ಮುಚ್ಚಿಕೊಂಡ ಮೇಲೆ, ಬಾಟಲಿ ತೆಗೆದು ಪಂಪ್ ಹಚ್ಚುವುದು. ಸೀಗಡಿಗೆ ಅದೇ ಹೊತ್ತಿಗೆ ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ಬೇರೆ ಊಟ.

ಬಾಟಲಿ ಬಳಸತೊಡಗಿದ ಮೇಲೆ ಕರಬಳ್ಳಿಗಳು ಹೊರಬರುವ ಹೊತ್ತು ದಿನೇ ದಿನೇ ಬೇಗವಾಯಿತು. ಮೈಸಿಸ್ ಕರಗಿಸಿದ ನೀರಿನ ಎರಡು ಹನಿ ಹಾಕಿದರೆ ಸಾಕು, ಮೂರು ಬಾಯಿಗಳ ಸುತ್ತಲೂ ಚುಕ್ಕಿಯಂತಿದ್ದ ಕರಬಳ್ಳಿಗಳು ನೀಳವಾಗುತ್ತಿದ್ದವು. ಬಣ್ಣದಲ್ಲಿ ಇನ್ನೂ ಏನೂ ಬದಲಾಗಿರಲಿಲ್ಲ. ಆದರೂ ಹವಳ ಉಳಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳಿದ್ದು ಆಗಲೇ.

ನಡುವಿನ ಆತಂಕಗಳು

ಒಂದು ಬೆಳಿಗ್ಗೆ ಬಾಯಿಯಿಂದ ಕಂದು ದಾರಗಳು ಹೊರಬರುತ್ತಿವೆಯೆಂದು ಫೋಟೋ ಬಂತು. ಕಂದು, ಲೋಳೆಲೋಳೆಯಾದ ದಾರ ಬಾಯಿಯಿಂದ ಬಂದು ನೀರಿನಲ್ಲಿ ತೇಲಿಹೋದರೆ ಅದು ಮಲ ಅಥವಾ ಹೊರಹಾಕಿದ ಪಾಚಿ. ಬೆಳಕು, ನೀರು ಬದಲಾದ ದಿನಗಳಲ್ಲಿ ಅದು ಸಾಮಾನ್ಯ. ಚಿಂತೆ ಮಾಡಬೇಕಾದದ್ದು ಬಿಳಿಯ ಸುರುಳಿ ಸುರುಳಿ ಎಳೆಗಳು, ಅದರಲ್ಲೂ ಮೈಯ ಪಕ್ಕದಿಂದ ಹರಿದುಕೊಂಡು ಬಂದರೆ. ಅವು ಜೀರ್ಣಾಂಗದ ಎಳೆಗಳು. ಗಾಯವಾದಾಗ, ತೀವ್ರ ಒತ್ತಡವಾದಾಗ, ಪಕ್ಕದ ಹವಳದೊಡನೆ ಕಾದಾಡುವಾಗ ಹೊರಬರುತ್ತವೆ. ಇಲ್ಲಿ ಬಂದದ್ದು ಕಂದು ದಾರ. ಏನೂ ಮಾಡಲಿಲ್ಲ.

ಹರಿದ ಅಂಚಿನದು ನಿಜವಾದ ಚಿಂತೆಯಾಗಿತ್ತು. ತೆರೆದ ಸುಣ್ಣದ ಮೇಲೆ ದಾರದಂಥ ಎಳೆಪಾಚಿ ಬೇರೂರಿದರೆ ಅದು ಪಕ್ಕದ ಮಾಂಸವನ್ನು ಕೆರಳಿಸುತ್ತಾ ಹಿಂದಕ್ಕೆ ತಳ್ಳುತ್ತದೆ, ಮಾಂಸ ಮತ್ತೆ ಮುಂದೆ ಬರಲು ಬಿಡುವುದಿಲ್ಲ. ಹಾಗಾಗಿ ದಿನಬಿಟ್ಟು ದಿನ ಪಿಪೆಟ್‌ನಿಂದ ಅಲ್ಲಿಯ ಕಸ ಊದುವುದು, ವಾರಕ್ಕೊಮ್ಮೆ ಮೃದುವಾದ ಕುಂಚದಿಂದ ಸುಣ್ಣದ ಮೇಲೆ ಮಾತ್ರ ಒಂದೆರಡು ಬಾರಿ ಸವರುವುದು. ಮಾಂಸದ ಅಂಚಿಗೆ ಒಂದು ಅಕ್ಕಿಕಾಳಿನಷ್ಟು ದೂರದಲ್ಲೇ ಕುಂಚ ನಿಲ್ಲಬೇಕು. ಅಂಚು ಹರಿದ ಕಾಗದದಂತೆ ಒರಟಾಗಿದ್ದದ್ದು ಕ್ರಮೇಣ ದುಂಡಗೆ, ದಪ್ಪಗೆ ಆಯಿತು. ಗಾಯ ಮಾಯುತ್ತಿರುವ ಹವಳದ ಅಂಚು ಹಾಗೆಯೇ ಕಾಣುತ್ತದೆ. ತೆಳುವಾಗಿ, ಮೇಲಕ್ಕೆದ್ದು, ಬಿಡಿಸಿಕೊಂಡಂತೆ ಕಂಡಿದ್ದರೆ ಬೇರೆ ದಾರಿ ಹಿಡಿಯಬೇಕಿತ್ತು.

ಬಣ್ಣ ಬಂದ ಕ್ರಮ

ಮೊದಲು ಮರಳಿದ್ದು ಉಬ್ಬು. ಹಗಲಲ್ಲಿ ಅಲಗುಗಳು ಕಾಣದಂತಾದವು. ಆಮೇಲೆ, ತಿಂಗಳು ದಾಟಿದ ನಂತರ, ಮೈ ಕಂದಾಗತೊಡಗಿತು. ಕೆಂಪು, ಹಸಿರಿಗೆ ಕಾಯುತ್ತಿದ್ದ ಒಡತಿಗೆ ನಿರಾಸೆಯಾಯಿತು. ಆದರೆ ಈ ಕಂದೇ ನಾವು ಬಯಸಿದ ಬಣ್ಣ. ಅದು ಝೂಕ್ಸಾಂಥೆಲ್ಲೆಗಳ ಸ್ವಂತ ಬಣ್ಣ, ಮೈಯೊಳಗೆ ಅವು ಮತ್ತೆ ನೆಲೆಯೂರುತ್ತಿವೆ ಎಂಬುದರ ಗುರುತು. ಹೊಳೆಯುವ ಕೆಂಪು, ಹಸಿರು ಹವಳ ತಾನೇ ತಯಾರಿಸುವ ಪ್ರೋಟೀನ್‌ಗಳದ್ದು. ಹೊಟ್ಟೆ ತುಂಬಿ ಶಕ್ತಿ ಮಿಕ್ಕಿದ ಮೇಲೆಯೇ ಅವುಗಳ ಸರದಿ. ಕಂದು ಬಂದಾಗ ಬಣ್ಣ ಎಬ್ಬಿಸಲೆಂದು ಬೆಳಕು ಏರಿಸಿ, ಪೋಷಕಾಂಶ ಇಳಿಸಿ ಹವಳವನ್ನು ಮತ್ತೆ ಮೊದಲಿನ ಸ್ಥಿತಿಗೆ ತಂದವರನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಕಂದು ಮೈಯಿಡೀ ಹರಡಿದ ಮೇಲಷ್ಟೇ ಬೆಳಕನ್ನು ಮುಟ್ಟಿದೆವು. ವಾರಕ್ಕೊಮ್ಮೆ ಶೇಕಡಾ 5ರಂತೆ, ಪ್ರತಿ ಏರಿಕೆಯ ನಂತರ ಮಧ್ಯಾಹ್ನದ ಉಬ್ಬು ಎರಡು ದಿನ ಹಿಂದಿನಷ್ಟೇ ಇದೆಯೇ ಎಂದು ನೋಡಿಕೊಂಡು. ಒಂದು ವಾರ ಉಬ್ಬು ಕುಗ್ಗಿತು, ಹಿಂದಿನ ಮಟ್ಟಕ್ಕೆ ಇಳಿಸಿ ಇನ್ನೊಂದು ವಾರ ಕಾದೆವು. ಪಾರ್ 90ಕ್ಕೆ ಬಂದಾಗ ನಿಲ್ಲಿಸಿದೆವು. ಅಷ್ಟು ಹೊತ್ತಿಗೆ ನಡುವಿನ ಹಸಿರು ಗಟ್ಟಿಯಾಗಿ, ಅಂಚಿನಲ್ಲಿ ಕೆಂಪು ಗೆರೆ ಮೂಡಿತ್ತು. ಮೊದಲ ಫೋಟೋದ ಕೆಂಪಿಗಿಂತ ಇದು ಸ್ವಲ್ಪ ಮಂಕು, ಹಾಗೆಯೇ ಉಳಿಯಲೂಬಹುದು. ಬೇರೆ ದೀಪ, ಬೇರೆ ನೀರಿನಲ್ಲಿ ಅದೇ ಹವಳದ ಬಣ್ಣ ಬೇರೆಯಾಗುವುದು ಸಹಜ.

ಈಗ ವಾರಕ್ಕೊಮ್ಮೆ ಬಾಟಲಿಯ ಕೆಳಗೆ ಊಟ ನಡೆಯುತ್ತಿದೆ, ಸೀಗಡಿ ಬದುಕಿರುವವರೆಗೂ ಅದನ್ನು ಬಿಡುವಂತಿಲ್ಲ. ಉಪ್ಪಿನಂಶ ಮತ್ತು ಅಲ್ಕಲಿನಿಟಿಯನ್ನು ಒಡತಿ ವಾರಕ್ಕೆರಡು ಬಾರಿ ಅಳೆದು ಬರೆದಿಡುತ್ತಾರೆ, ರಿಫ್ರ್ಯಾಕ್ಟೋಮೀಟರನ್ನು ಪ್ರಮಾಣಿತ ದ್ರಾವಣದಿಂದ ತಿಂಗಳಿಗೊಮ್ಮೆ ಹೊಂದಿಸುತ್ತಾರೆ. ಹರಿದಿದ್ದ ಜಾಗದಲ್ಲಿ ಅರ್ಧದಷ್ಟನ್ನು ಮಾಂಸ ಮುಚ್ಚಿಕೊಂಡಿದೆ. ಉಳಿದರ್ಧದ ಮೇಲೆ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಗಟ್ಟಿಯಾಗಿ ಪದರ ಕಟ್ಟಿದೆ. ಎಳೆಪಾಚಿಯಂತೆ ಅದು ಮಾಂಸವನ್ನು ಕೆರಳಿಸುತ್ತಿಲ್ಲವಾದ್ದರಿಂದ ಕೆರೆಯದೆ ಹಾಗೇ ಬಿಟ್ಟಿದ್ದೇವೆ.